ಸರಾಸರಿ ಗ್ರಾಫ್ ನಂಬಿ ಆದ್ಯತೆ ಕೈಬಿಡಬೇಡಿ

‘ಗಿಗಾಬಿಟ್ ಸ್ವಿಚ್ ಇದ್ದಮೇಲೆ ಪೋರ್ಟ್‌ಗಳಲ್ಲಿ ಆದ್ಯತೆಯ ಗುರುತು ಹಾಕುವುದು ವ್ಯರ್ಥ ಕೆಲಸ, ಬ್ಯಾಂಡ್‌ವಿಡ್ತ್ ಹೆಚ್ಚಿಸಿದರೆ ಸಾಕು’ ಎಂದು ವಾದಿಸುವ ಲೇಖನವೊಂದನ್ನು ಓದಿದೆ. ಆ ವಾದ ತಪ್ಪು. ಲೇಖಕರು ನೆಚ್ಚಿಕೊಂಡಿರುವುದು ಐದು ನಿಮಿಷದ ಸರಾಸರಿ ಗ್ರಾಫನ್ನು. ದಟ್ಟಣೆ ಆಗುವುದು ಮಿಲಿಸೆಕೆಂಡುಗಳಲ್ಲಿ. ಎರಡು ಗಿಗಾಬಿಟ್ ಪೋರ್ಟ್‌ಗಳ ಡೇಟಾ ಒಂದೇ ಗಿಗಾಬಿಟ್ ಅಪ್‌ಲಿಂಕ್‌ಗೆ ಒಟ್ಟಿಗೆ ನುಗ್ಗಿದರೆ ಬಫರ್ ಕ್ಷಣದಲ್ಲಿ ತುಂಬಿ ಪ್ಯಾಕೆಟ್‌ಗಳು ಬಿದ್ದುಹೋಗುತ್ತವೆ. ಗ್ರಾಫಿನಲ್ಲಿ ಅದರ ಸುಳಿವೂ ಸಿಗದು.

ನಾನು ನೆಟ್‌ವರ್ಕ್ ನೋಡಿಕೊಳ್ಳುತ್ತಿದ್ದ ಆಸ್ಪತ್ರೆಯೊಂದರಲ್ಲಿ ಸ್ಕ್ಯಾನ್ ಚಿತ್ರಗಳು ಸರ್ವರ್‌ಗೆ ಹೋಗುವಾಗಲೆಲ್ಲ ವಾರ್ಡಿನ ಫೋನಿನಲ್ಲಿ ಮಾತು ತುಂಡಾಗುತ್ತಿತ್ತು. ಒಮ್ಮೆ ಲ್ಯಾಬಿನವರು ‘ಬಿ ಪಾಸಿಟಿವ್’ ಎಂದರೆ ಈ ಕಡೆ ‘ಪಾಸಿಟಿವ್’ ಎಂದಷ್ಟೇ ಕೇಳಿಸಿತು. ನರ್ಸ್ ಮೂರು ಸಲ ಕೇಳಿ ಖಚಿತಪಡಿಸಿಕೊಂಡರು. ಆ ಫೋನು 20 ಮಿಲಿಸೆಕೆಂಡಿಗೊಂದರಂತೆ, ಸೆಕೆಂಡಿಗೆ 50 ಪ್ಯಾಕೆಟ್ ಕಳಿಸುತ್ತಿತ್ತು. ಪ್ರತಿಯೊಂದರ ಮೇಲೂ ಡಿಎಸ್‌ಸಿಪಿ 46 ಎಂಬ ಆದ್ಯತೆಯ ಗುರುತಿತ್ತು. ಆದರೆ ಗುರುತನ್ನು ನಂಬುವಂತೆ ಸ್ವಿಚ್ ಪೋರ್ಟನ್ನು ಹೊಂದಿಸಿರಲಿಲ್ಲ. ಪ್ಯಾಕೆಟ್ ಒಳಬಂದ ಕೂಡಲೇ ಆ ಗುರುತು ಸೊನ್ನೆಯಾಗುತ್ತಿತ್ತು. ಫೋನಿನ ಪೋರ್ಟ್‌ಗಳಲ್ಲಿ ಗುರುತು ಉಳಿಸಿ, ಅಪ್‌ಲಿಂಕ್‌ನಲ್ಲಿ ಅದನ್ನು ಆದ್ಯತೆಯ ಸಾಲಿಗೆ ಸೇರಿಸಿದೆವು. ಹೊಸ ಕೇಬಲ್ ಎಳೆಯಲಿಲ್ಲ. ಮಾತು ಸರಿಹೋಯಿತು.

ಲೇಖನದ ಒಂದು ಆತಂಕ ನಿಜ: ಎಲ್ಲ ಕಂಪ್ಯೂಟರ್‌ಗಳ ಗುರುತನ್ನೂ ನಂಬಿದರೆ ಎಲ್ಲವೂ ಮುಂದಿನ ಸಾಲಿಗೇ ಬಂದು ನಿಲ್ಲುತ್ತವೆ. ಆದ್ದರಿಂದಲೇ ಯಾವುದನ್ನು ನಂಬಬೇಕೆಂದು ಪ್ರವೇಶದ ಪೋರ್ಟಿನಲ್ಲೇ ತೀರ್ಮಾನಿಸಬೇಕು, ಆದ್ಯತೆಯ ಸಾಲಿಗೂ ಮಿತಿ ಹಾಕಬೇಕು. ಗುರುತನ್ನೇ ಕೈಬಿಡಲು ಅದು ಕಾರಣವಲ್ಲ.

ಬ್ಯಾಂಡ್‌ವಿಡ್ತ್‌ಗೆ ಇನ್ನಷ್ಟು ಹಣ ಸುರಿಯುವ ಮುನ್ನ ನಿಮ್ಮ ಸ್ವಿಚ್‌ನ ಅಪ್‌ಲಿಂಕ್ ಪೋರ್ಟಿನಲ್ಲಿ ಎಷ್ಟು ಪ್ಯಾಕೆಟ್ ಬಿದ್ದುಹೋಗಿವೆ ಎಂದು ದಯವಿಟ್ಟು ಒಮ್ಮೆ ನೋಡಿ.