ಹುಲಿಗೆ ಯಾರು ಅತ್ತರು?

ಗೋವಿನ ಹಾಡು ಕೇಳಿ ಅಳದವರು ನಮ್ಮಲ್ಲಿ ಯಾರಿದ್ದಾರೆ? ಪುಣ್ಯಕೋಟಿ ಕೊಟ್ಟ ಮಾತಿಗೆ ಮರಳಿ ಬಂದಳು, ಅತ್ತೆವು. ಹಸಿದ ಹುಲಿ ನಾಚಿ, ಹಾರಿ ಪ್ರಾಣ ಬಿಟ್ಟಿತು. ಅದಕ್ಕೆ ಮಾತ್ರ ಯಾರೂ ಅಳಲಿಲ್ಲ. ಹಸು ಅಂದರೆ ಊರು, ಸತ್ಯ. ಹುಲಿ ಅಂದರೆ ಕಾಡು, ಕ್ರೌರ್ಯ. ಈ ಗೆರೆಯನ್ನು ನಮ್ಮ ಮನಸ್ಸಿನಲ್ಲಿ ಎಳೆದದ್ದು ಪದ್ಯ ಕಣ್ರೀ, ಪ್ರಾಣಿಶಾಸ್ತ್ರ ಅಲ್ಲ.

ಇದು ಕನ್ನಡದವರ ರೋಗ ಮಾತ್ರವಲ್ಲ. ಛತ್ರಪತಿ ಸಂಭಾಜಿನಗರ ಜಿಲ್ಲೆಯ ಅಜಂತಾದ 17ನೇ ಗುಹೆಯಲ್ಲಿ ಜಾತಕ ಕತೆಯ ಆರು ದಂತದ ಆನೆಯಿದೆ. ತನ್ನನ್ನು ಹೊಡೆದ ಬೇಟೆಗಾರನಿಗೇ ದಂತ ಕೊಟ್ಟ ಆನೆ ಅದು. ಅಲ್ಲೂ ಕಾಡುಪ್ರಾಣಿ ದೊಡ್ಡದಾಗೋದು ಸತ್ತಾಗಲೇ.

ಈಗ ಅದೇ ಮಹಾರಾಷ್ಟ್ರದ ನಾಸಿಕಕ್ಕೆ ಬನ್ನಿ. ಕವಿರಾಜಮಾರ್ಗ ಕನ್ನಡನಾಡಿನ ಎಲ್ಲೆಯೆಂದು ಹೇಳಿದ ಗೋದಾವರಿಯ ಸೀಮೆ. ನಿಫಾಡ, ಸಿನ್ನರ್ ಕಡೆಯ ಕಬ್ಬಿನ ಗದ್ದೆಗಳಲ್ಲಿ ಚಿರತೆ ಮರಿ ಹಾಕುತ್ತೆ. ಪಕ್ಕದ ಅಕೋಲೆಯಲ್ಲಿ ವಿದ್ಯಾ ಅತ್ರೇಯ ಮತ್ತು ಸಂಗಡಿಗರು ಚಿರತೆಗಳ ಹಿಕ್ಕೆ ಪರೀಕ್ಷಿಸಿದರು. ತೂಕದ ಲೆಕ್ಕದಲ್ಲಿ ಅವುಗಳ ಆಹಾರದ ಶೇಕಡ 87 ಸಾಕುಪ್ರಾಣಿಗಳೇ. ನಾಯಿಯೊಂದೇ ಶೇಕಡ 39. ಹೇಳಿ, ಇದು ಕಾಡುಪ್ರಾಣಿಯೋ, ಊರಪ್ರಾಣಿಯೋ?

ಕಾಡಿನದು ಕಾಡಿಗೆ ಅನ್ನೋ ನ್ಯಾಯದಲ್ಲಿ 2001ರಿಂದ ಜುನ್ನರ್ ಸೀಮೆಯ ಚಿರತೆಗಳನ್ನು ಹಿಡಿದು ಕಾಡಿಗೆ ಬಿಟ್ಟರು. ಏನಾಯ್ತು? ವರ್ಷಕ್ಕೆ ಸರಾಸರಿ 4 ಇದ್ದ ಜನರ ಮೇಲಿನ ದಾಳಿ 17ಕ್ಕೆ ಏರಿತು. ಮಗು ಕಳಕೊಂಡ ತಾಯಿಗೆ ಉಪದೇಶ ಮಾಡುವ ಹಕ್ಕು ನಮಗಿಲ್ಲ, ಒಪ್ಪಿದೆ. ಆದರೆ ಕತೆಯ ಗೆರೆಯನ್ನೇ ನಂಬಿ ಬೋನು ಇಟ್ಟರೆ ಅಳೋದು ಇನ್ನೊಬ್ಬ ತಾಯಿ.

ಬೇರೆ ಕತೆ ಇಲ್ಲವೇ? ಇದೆ. ಅಕೋಲೆಯ ಆದಿವಾಸಿಗಳು ಹುಲಿ-ಚಿರತೆಯನ್ನು ವಾಘೋಬಾ ಅಂತ ಪೂಜಿಸ್ತಾರೆ. ಭಯವೂ ಉಂಟು, ನೆರೆಯವನೆಂಬ ಲೆಕ್ಕವೂ ಉಂಟು. ನಮ್ಮಲ್ಲಿ ತೇಜಸ್ವಿಯವರ 'ಕರ್ವಾಲೊ' (1980) ಇದೆ. ಗೋವಿನ ಹಾಡಿನ ಹುಲಿಯ ಹಾಗೆ ಅಲ್ಲಿಯ ಓತಿಯೂ ಕೊನೆಗೆ ಹಾರುತ್ತೆ. ಆದರೆ ಸಾಯೋದಿಲ್ಲ. ನಮ್ಮ ಕೈಗೂ ಸಿಗದೆ, ನಮ್ಮ ನೀತಿಗೂ ಸಿಗದೆ ಕಣಿವೆಯಲ್ಲಿ ತೇಲಿ ಹೋಗುತ್ತೆ.

ಗೋವಿನ ಹಾಡನ್ನು ಮರೆಯಿರಿ ಅಂತ ನಾನು ಹೇಳ್ತಿಲ್ಲ ಗೆಳೆಯರೆ. ಹಾಡೋಣ. ಹಾಡುವಾಗ ಹುಲಿಗೂ ಹಸಿವಿತ್ತು ಅನ್ನೋದನ್ನು ನೆನೆಯೋಣ. ನಾಳೆ ಮೇಷ್ಟರಾಗಿ ಇದೇ ಪದ್ಯವನ್ನು ಮಕ್ಕಳಿಗೆ ಹೇಳಿಕೊಡುವವರು ನಾವೇ ತಾನೆ?