ಸಾವಿನ ಗಳಿಗೆ

ಸಾಕ್ಷಿಯಿಲ್ಲದೆ ಸಂಭವಿಸಿದ ಮರಣದಲ್ಲಿ ಮನೆಯವರನ್ನು ಕಾಡುವ ಪ್ರಶ್ನೆಗಳು ಎರಡು. ‘ಹೇಗಾಯಿತು?’ ಎಂಬುದು ಮೊದಲನೆಯದು, ‘ಯಾವಾಗ ಆಯಿತು?’ ಎಂಬುದು ಎರಡನೆಯದು. ಈ ಎರಡನೆಯ ಪ್ರಶ್ನೆ ಬರಿಯ ಕುತೂಹಲದ್ದಲ್ಲ. ರಾತ್ರಿ ಒಂಟಿಯಾಗಿ ಮಲಗಿದ ಹಿರಿಯರು ಬೆಳಗ್ಗೆ ಏಳಲಿಲ್ಲವೆಂದಾಗ, ಪ್ರಾಣ ಹೋದದ್ದು ಏಕಾದಶಿಯಲ್ಲೋ ದ್ವಾದಶಿಯಲ್ಲೋ ಎಂದು ಪುರೋಹಿತರು ಕೇಳುತ್ತಾರೆ. ವರ್ಷವರ್ಷವೂ ಮಾಡಬೇಕಾದ ಶ್ರಾದ್ಧದ ತಿಥಿ ಅದನ್ನೇ ಅವಲಂಬಿಸಿದೆ. ತಿಥಿಯೇ ತಿಳಿಯದವರಿಗಾಗಿ ನಮ್ಮ ಪೂರ್ವಿಕರು ಮಹಾಲಯ ಅಮಾವಾಸ್ಯೆಯನ್ನು ಮೀಸಲಿಟ್ಟು ಸಮಾಧಾನ ಹೇಳಿದರು.

ನ್ಯಾಯಾಲಯಕ್ಕೂ ಇಂತಹ ಒಂದು ಏರ್ಪಾಡು ಬೇಕಾಯಿತು. ತಂದೆ ಮಕ್ಕಳು ಒಂದೇ ದುರಂತದಲ್ಲಿ ತೀರಿಕೊಂಡು, ಯಾರು ಮೊದಲು ಎಂಬುದು ತಿಳಿಯದೆ ಹೋದರೆ, ಕಿರಿಯನು ಹಿರಿಯನಿಗಿಂತ ಹೆಚ್ಚು ಕಾಲ ಬದುಕಿದ್ದನೆಂದೇ ಭಾವಿಸತಕ್ಕದ್ದೆಂದು 1956ರ ಹಿಂದೂ ಉತ್ತರಾಧಿಕಾರ ಅಧಿನಿಯಮದ 21ನೆಯ ಪ್ರಕರಣ ಹೇಳುತ್ತದೆ. ಆಸ್ತಿಯ ವಿಷಯಕ್ಕೆ ಅದು ಸರಿ. ಆದರೆ ಕೊಲೆಯ ಆರೋಪ ಹೊತ್ತವನೊಬ್ಬನು, ‘ಆ ಹೊತ್ತಿನಲ್ಲಿ ನಾನು ಊರಲ್ಲೇ ಇರಲಿಲ್ಲ’ ಎಂದಾಗ ಭಾವನೆಯಿಂದ ಕೆಲಸ ಸಾಗದು. ಎರಡು ಗಂಟೆಯ ಹೆಚ್ಚುಕಡಿಮೆಯಲ್ಲಿ ಒಬ್ಬ ಮನುಷ್ಯನ ಬಾಳೇ ತೂಗಾಡುತ್ತದೆ.

ವೈದ್ಯರು ಇದನ್ನು ನಿರ್ಣಯಿಸುವ ಬಗೆ ಹಳೆಯದು. ದೇಹ ಎಷ್ಟು ತಣ್ಣಗಾಗಿದೆ, ರಕ್ತ ಕೆಳಭಾಗಕ್ಕೆ ಇಳಿದು ಎಲ್ಲಿ ಕಲೆಗಟ್ಟಿದೆ, ಸ್ನಾಯುಗಳು ಎಷ್ಟು ಬಿಗಿದಿವೆ ಎಂದು ನೋಡುತ್ತಾರೆ. ಬಿಗಿತವು ಕೆಲವು ಗಂಟೆಗಳಲ್ಲಿ ತೊಡಗಿ, ಒಂದೆರಡು ದಿನಗಳಲ್ಲಿ ಸಡಿಲವಾಗುತ್ತದೆ. ಆದರೆ ಜೀವಂತ ದೇಹದ ಉಷ್ಣತೆ 37 ಡಿಗ್ರಿ. ಏಪ್ರಿಲ್ ತಿಂಗಳ ನಮ್ಮ ಮೈಸೂರಿನ ಮಧ್ಯಾಹ್ನವೇ 35 ಡಿಗ್ರಿಯ ಸಮೀಪಕ್ಕೆ ಬರುತ್ತದೆ. ತಣ್ಣಗಾಗಲು ಅವಕಾಶವೇ ಇಲ್ಲದ ಕಡೆ ಉಷ್ಣಮಾಪಕ ಹೇಳುವುದಾದರೂ ಏನು?

ಆದುದರಿಂದ ವಿಜ್ಞಾನಿಗಳು ಜೀವಕೋಶದೊಳಗೇ ಒಂದು ಗಡಿಯಾರವನ್ನು ಹುಡುಕತೊಡಗಿದರು. ಡಿ.ಎನ್.ಎ.ಯ ಹೆಸರನ್ನು ವಾಚಕರು ಕೇಳಿಯೇ ಇದ್ದಾರೆ. ಅದು ಶಿಲಾಶಾಸನದಂತೆ, ಅನುಕೂಲ ಸನ್ನಿವೇಶದಲ್ಲಿ ಸಾವಿರಾರು ವರ್ಷ ಉಳಿಯುತ್ತದೆ. ಅದರ ಸೋದರ ಸಂಬಂಧಿಯಾದ ಆರ್.ಎನ್.ಎ.ಯಾದರೋ ಅಂಗಡಿಗೆ ಬರೆದುಕೊಟ್ಟ ಚೀಟಿಯಂತೆ. ಇಂತಿಂತಹ ಪ್ರೋಟೀನು ತಯಾರಾಗಲಿ ಎಂಬ ಆಜ್ಞೆಯನ್ನು ಒಯ್ದು ಮುಟ್ಟಿಸಿ, ಕೆಲಸ ಮುಗಿದೊಡನೆ ನಾಶವಾಗುವುದೇ ಅದರ ಧರ್ಮ. ಅದನ್ನು ಕತ್ತರಿಸುವ ರೈಬೋನ್ಯೂಕ್ಲಿಯೇಸ್ ಎಂಬ ಕಿಣ್ವಗಳು ಜೀವಕೋಶದಲ್ಲಿಯೇ ಇವೆ. ಸತ್ತ ಮೇಲೆ ಹೊಸ ಚೀಟಿಗಳು ಬರೆಯಲ್ಪಡುವುದು ಬಹುಮಟ್ಟಿಗೆ ನಿಂತುಹೋಗುತ್ತದೆ. ಹರಿಯುವ ಕೆಲಸ ಮಾತ್ರ ನಡೆದೇ ಇರುತ್ತದೆ. ಬೇಗ ಹರಿಯುವ ಒಂದು ಆರ್.ಎನ್.ಎ.ಯನ್ನು ಬಹುಕಾಲ ಬಾಳುವ ಇನ್ನೊಂದರೊಡನೆ ಹೋಲಿಸಿ ಅಳೆದರೆ, ಕಳೆದ ಕಾಲದ ಅಂದಾಜು ದೊರೆಯುತ್ತದೆ.

2018ರಲ್ಲಿ ‘ನೇಚರ್ ಕಮ್ಯುನಿಕೇಷನ್ಸ್’ ಪತ್ರಿಕೆಯಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ 540 ಮಂದಿ ದಾನಿಗಳ 36 ಬಗೆಯ ಅಂಗಾಂಶಗಳಿಂದ ತೆಗೆದ ಏಳು ಸಾವಿರಕ್ಕೂ ಹೆಚ್ಚು ಮಾದರಿಗಳನ್ನು ಹೀಗೆ ಪರಿಶೀಲಿಸಲಾಯಿತು. ಪ್ರತಿಯೊಂದು ಅಂಗಕ್ಕೂ ತನ್ನದೇ ನಡೆಯುಂಟೆಂದು ತಿಳಿದುಬಂತು. ಸ್ನಾಯುವಿನಲ್ಲಿ ಬದಲಾವಣೆ ಬಹಳ. ಮಿದುಳಿನಲ್ಲಿಯೂ ಗುಲ್ಮದಲ್ಲಿಯೂ ಅತ್ಯಲ್ಪ. ಇನ್ನೂ ಸೋಜಿಗವೆಂದರೆ, ಇಲಿ ಮತ್ತು ಜೀಬ್ರಾ ಮೀನುಗಳಲ್ಲಿ ಸಾವಿನ ನಂತರವೂ ಕೆಲವು ಆರ್.ಎನ್.ಎ.ಗಳ ಪ್ರಮಾಣ ಏರಿದ್ದನ್ನು 2017ರಲ್ಲಿ ಪ್ರಕಟವಾದ ಇನ್ನೊಂದು ಸಂಶೋಧನೆ ತೋರಿಸಿತು. ಯಜಮಾನನು ಹೋದುದು ತಿಳಿಯದೆ ಆಳುಗಳು ದುಡಿಯುತ್ತಲೇ ಇದ್ದಂತೆ!

ಶವದಲ್ಲಿ ಆರ್.ಎನ್.ಎ. ಹುಡುಕುವ ಕೆಲಸ ನಮ್ಮ ನಾಡಿಗೂ ಹೊಸದಲ್ಲ. 2020ರಲ್ಲಿ ಮನೆಮಾತಾದ ಆರ್.ಟಿ.-ಪಿ.ಸಿ.ಆರ್. ಪರೀಕ್ಷೆ ಹುಡುಕಿದ್ದು ಕೊರೋನಾ ವೈರಾಣುವಿನ ಆರ್.ಎನ್.ಎ.ಯನ್ನೇ. ಆ ವರ್ಷದ ಅಕ್ಟೋಬರಿನಲ್ಲಿ ಬೆಂಗಳೂರಿನ ಆಕ್ಸ್‌ಫರ್ಡ್ ವೈದ್ಯಕೀಯ ಕಾಲೇಜಿನ ಡಾ. ದಿನೇಶ್ ರಾವ್ ಅವರು, ಆ ರೋಗದಿಂದ ತೀರಿಕೊಂಡ 62 ವರ್ಷದ ಒಬ್ಬರ ಶವಪರೀಕ್ಷೆ ನಡೆಸಿದ ಸಂಗತಿ ಪತ್ರಿಕೆಗಳಲ್ಲಿ ಬಂದಿತ್ತು. ಸತ್ತು 18 ಗಂಟೆಗಳಾಗಿದ್ದರೂ ಮೂಗು, ಗಂಟಲುಗಳ ದ್ರವದಲ್ಲಿ ವೈರಾಣುವಿನ ಕುರುಹು ಸಿಕ್ಕಿತು. ಚರ್ಮದ ಮೇಲೆ ಸಿಗಲಿಲ್ಲ. ಕುರುಹು ಇದ್ದ ಮಾತ್ರಕ್ಕೆ ಸೋಂಕು ಹರಡೀತೆಂದು ಹೇಳಲಾಗದು. ಆದರೂ ಹೆತ್ತವರ ಮುಖವನ್ನು ಕೊನೆಯ ಬಾರಿ ಮುಟ್ಟಲಾರದೆ ಹೋದ ಸಂಸಾರಗಳಿಗೆ, ಆ ಚರ್ಮದ ಫಲಿತಾಂಶ ಬರಿಯ ಅಂಕಿಅಂಶವಾಗಿರಲಿಲ್ಲ.

ಗಡಿಯಾರ ಸಿಕ್ಕಿತು, ಆದರೆ ಅದು ಎಲ್ಲ ಕಡೆಯೂ ಒಂದೇ ವೇಗದಲ್ಲಿ ನಡೆಯದು. ಗಾಳಿ ಬೀಸಿದರೆ ಊದುಬತ್ತಿ ಬೇಗ ಉರಿಯುವಂತೆ, ಸೆಕೆಯಲ್ಲಿ ಆರ್.ಎನ್.ಎ. ಬೇಗ ಅಳಿಯುತ್ತದೆ. ಮರಣದ ಮುನ್ನಿನ ಜ್ವರ, ಮುಟ್ಟಿದವರ ಬೆವರಿನಲ್ಲಿರುವ ಕಿಣ್ವ, ಮಾದರಿಯನ್ನು ಶೈತ್ಯದಲ್ಲಿಡುವಲ್ಲಿ ಆದ ವಿಳಂಬ, ಇವೆಲ್ಲವೂ ಲೆಕ್ಕವನ್ನು ಏರುಪೇರು ಮಾಡಬಲ್ಲವು. ಆಸ್ಪತ್ರೆಯ ಶಿಸ್ತಿನಲ್ಲಿ ಸಂಗ್ರಹಿಸಿದ ಮಾದರಿ ಬೇರೆ, ಕಬ್ಬಿನ ಗದ್ದೆಯಲ್ಲಿ ಸಿಕ್ಕ ದೇಹ ಬೇರೆ. ಆದ್ದರಿಂದ ಈ ವಿಧಾನ ಇನ್ನೂ ಸಂಶೋಧನೆಯ ಹಂತದಲ್ಲಿದೆ. ಹಳೆಯ ಲಕ್ಷಣಗಳಿಗೆ ಇದು ನೆರವಾಗಬಹುದೇ ಹೊರತು ಒಂಟಿ ಸಾಕ್ಷಿಯಾಗಿ ಕಟಕಟೆ ಏರಲಾರದು. ‘ಹತ್ತಕ್ಕೂ ಎರಡಕ್ಕೂ ನಡುವೆ’ ಎನ್ನುವ ವೈದ್ಯರನ್ನು ಅಸಮರ್ಥರೆಂದು ಹಳಿಯುವುದು ಸಲ್ಲದು. ನಿಖರವಾಗಿ ಒಂದು ಗಳಿಗೆಯನ್ನೇ ಹೇಳಿಬಿಡುವವರನ್ನು ನಂಬುವ ಮೊದಲು ತುಸು ಯೋಚಿಸುವುದು ಒಳ್ಳೆಯದು.

ಗೃಹಸ್ಥರು ನೆನಪಿಡಬೇಕಾದ ಮಾತೊಂದಿದೆ. ಅನುಮಾನಕ್ಕೆ ಎಡೆಯಿರುವ ಸಾವು ಕಣ್ಣಿಗೆ ಬಿದ್ದಾಗ, ದೇಹವನ್ನು ತೊಳೆಯದೆ, ಕದಲಿಸದೆ ಪೊಲೀಸರಿಗೆ ತಿಳಿಸಬೇಕು. ಕಂಡ ಹೊತ್ತನ್ನು ಬರೆದಿಟ್ಟುಕೊಳ್ಳಬೇಕು. ಫ್ಯಾನು ತಿರುಗುತ್ತಿತ್ತೇ, ಕಿಟಕಿ ತೆರೆದಿತ್ತೇ, ಹೊದಿಕೆ ಇತ್ತೇ ಎಂಬುದನ್ನು ಗಮನಿಸಬೇಕು. ದುಃಖದ ಹೊತ್ತಿನಲ್ಲಿ ಇದು ಕಠಿಣವೆನಿಸಬಹುದು. ಆದರೆ ಆ ನಾಲ್ಕು ಸಾಲುಗಳಿಂದಲೇ ಒಬ್ಬ ನಿರಪರಾಧಿ ಮನೆಗೆ ಮರಳಬಹುದು.