ಮನೆವಾರ್ತೆ: ಮೊಲಕ್ಕೆ ಹಣ್ಣು ಎಷ್ಟು?

ಮಕ್ಕಳಿರುವ ಮನೆಯಲ್ಲಿ ಸಾಕಿದ ಮೊಲಕ್ಕೆ ಉಪವಾಸದ ಭಯವಿಲ್ಲ. ಅತಿಭೋಜನದ ಭಯವೇ ಹೆಚ್ಚು. ಮಗುವಿನ ಕೈಯ ದ್ರಾಕ್ಷಿ, ಅಜ್ಜಿಯು ಉಳಿಸಿಟ್ಟ ಬಾಳೆಹಣ್ಣಿನ ತುಂಡು, ಪೂಜೆಯ ಸೇಬಿನ ಹೋಳು, ಎಲ್ಲವೂ ಅದರ ಗೂಡನ್ನು ಸೇರುವುವು. ಮೊಲವೂ ಬೇಡವೆನ್ನುವ ಪ್ರಾಣಿಯಲ್ಲ; ಸಿಹಿಯೆಂದರೆ ಅದಕ್ಕೆ ಬಹಳ ಆಸೆ. ಆದರೆ ನಾಲಗೆಗೆ ರುಚಿಯಾದುದೆಲ್ಲವೂ ಹೊಟ್ಟೆಗೆ ಹಿತವೆಂದು ಭಾವಿಸತಕ್ಕದ್ದಲ್ಲ. ಇದು ಮನುಷ್ಯರಿಗೆ ಹೇಗೋ ಮೊಲಕ್ಕೂ ಹಾಗೆಯೇ.

ಮೊಲದ ದೇಹರಚನೆಯು ಹುಲ್ಲಿಗಾಗಿಯೇ ಏರ್ಪಟ್ಟುದಾಗಿದೆ. ಅದರ ಹಲ್ಲುಗಳು ಬದುಕಿರುವವರೆಗೂ ಬೆಳೆಯುತ್ತಲೇ ಇರುವುವು. ನಾರುಳ್ಳ ಹುಲ್ಲನ್ನು ಅಗಿಯುವುದರಿಂದಲೇ ಅವು ಸವೆದು ಹದವಾಗಿರಬೇಕು. ಸಣ್ಣ ಕರುಳೂ ದೊಡ್ಡ ಕರುಳೂ ಕೂಡುವೆಡೆಯಲ್ಲಿ ಅಂಧಾಂತ್ರವೆಂಬ ದೊಡ್ಡ ಚೀಲವೊಂದುಂಟು. ಅಲ್ಲಿ ನೆಲೆಸಿರುವ ಸೂಕ್ಷ್ಮಜೀವಿಗಳು ನಾರನ್ನು ಕೊಳೆಯಿಸಿ ಪೋಷಕಾಂಶವನ್ನಾಗಿ ಮಾರ್ಪಡಿಸುವುವು. ಹೀಗೆ ಪಕ್ವವಾದುದನ್ನು ಮೊಲವು ಮೆತ್ತನೆಯ ಹಿಕ್ಕೆಯಾಗಿ ಹೊರಗೆಡಹಿ ತಾನೇ ಮತ್ತೆ ತಿನ್ನುವುದು. ಇದನ್ನು ಕಂಡು ಅಸಹ್ಯಪಡಬೇಕಾದುದಿಲ್ಲ, ತಡೆಯಲೂ ಕೂಡದು. ಸಕ್ಕರೆಯ ಅಂಶವು ಮಿತಿಮೀರಿ ಒಳಗೆ ಹೋದರೆ ಈ ಹಿತವಾದ ಜೀವಿಗಳು ಕುಗ್ಗಿ, ಕೇಡಿನ ಜೀವಿಗಳು ಹೆಚ್ಚಿ, ಹೊಟ್ಟೆಯು ಉಬ್ಬುವುದು, ಭೇದಿಯಾಗುವುದು. ಮೊಲಕ್ಕೆ ವಾಂತಿಮಾಡುವ ಶಕ್ತಿಯಿಲ್ಲ. ಒಳಗೆ ಹೋದ ಕೆಡುಕನ್ನು ಹೊರಹಾಕಲು ಅದಕ್ಕೆ ಸುಲಭವಾದ ದಾರಿಯೇ ಇಲ್ಲ.

ಆದುದರಿಂದ ಹಣ್ಣನ್ನು ಆಹಾರವೆಂದು ತಿಳಿಯದೆ, ಹಬ್ಬದ ಭಕ್ಷ್ಯವೆಂದು ತಿಳಿಯಬೇಕು. ಸುಮಾರು 2 ಕಿಲೋಗ್ರಾಂ ತೂಗುವ ಬೆಳೆದ ಮೊಲಕ್ಕೆ ಒಂದು ಹೊತ್ತಿಗೆ 1 ಅಥವಾ 2 ಟೀ ಚಮಚದಷ್ಟು ಹಣ್ಣು, ವಾರದಲ್ಲಿ ಎರಡು ಮೂರು ಸಲ, ಧಾರಾಳವಾಗಿ ಸಾಕು. ಆರು ತಿಂಗಳು ತುಂಬದ ಮರಿಗೆ ಹಣ್ಣನ್ನು ಕೊಡದಿರುವುದೇ ಕ್ಷೇಮ. ಹೊಸ ಹಣ್ಣನ್ನು ಮೊದಲು ಉಗುರಿನಷ್ಟು ಮಾತ್ರ ಕೊಟ್ಟು, ಮಾರನೆಯ ದಿನ ಹಿಕ್ಕೆಯು ಗಟ್ಟಿಯಾಗಿ ದುಂಡಗಿದೆಯೇ ಎಂದು ನೋಡಿ ಮುಂದುವರಿಯಬೇಕು. ಎರಡು ಹೊಸ ಹಣ್ಣುಗಳನ್ನು ಒಟ್ಟಿಗೆ ಕೊಟ್ಟರೆ ಯಾವುದು ಒಗ್ಗಲಿಲ್ಲವೆಂಬುದು ತಿಳಿಯದು.

ಸೇಬು, ಪರಂಗಿ, ಸೀಬೆ, ಅನಾನಸು ಇವುಗಳ ಸಣ್ಣ ಹೋಳು ಆಗಬಹುದು. ಚೆನ್ನಾಗಿ ತೊಳೆದು, ಸೇಬಿನ ಬೀಜವನ್ನು ತಪ್ಪದೆ ತೆಗೆಯಬೇಕು. ಅದರಲ್ಲಿ ವಿಷವನ್ನು ಹುಟ್ಟಿಸುವ ಅಂಶವುಂಟು. ಮಾವಿನ ಓಟೆಯನ್ನೂ ಗೂಡಿನಲ್ಲಿ ಹಾಕಬಾರದು. ಬಾಳೆಹಣ್ಣು, ದ್ರಾಕ್ಷಿಗಳಲ್ಲಿ ಸಕ್ಕರೆಯು ಅಧಿಕ. ತೆಳುವಾದ ಒಂದು ಬಿಲ್ಲೆ ಅಥವಾ ಒಂದೇ ಹಣ್ಣು ಮಿತಿ. ಒಣದ್ರಾಕ್ಷಿ, ಖರ್ಜೂರಗಳಲ್ಲಿ ಅದು ಇನ್ನೂ ಸಾಂದ್ರವಾಗಿರುವುದರಿಂದ ಬಿಡುವುದು ಒಳ್ಳೆಯದು. ಮೊಲದ ಮುಖ್ಯ ಆಹಾರವೆಂದು ಚಿತ್ರಗಳಲ್ಲಿ ಕಾಣುವ ಕ್ಯಾರೆಟ್ಟಿನ ಗೆಡ್ಡೆಯೂ ಸಿಹಿಯೇ. ಅದನ್ನೂ ಹಣ್ಣಿನ ಲೆಕ್ಕದಲ್ಲಿಯೇ ಸೇರಿಸಬೇಕು. ಬೆಣ್ಣೆಹಣ್ಣು ಮಾತ್ರ ಮೊಲಕ್ಕೆ ವಿಷ. ಎಷ್ಟು ಸ್ವಲ್ಪವಾದರೂ ಕೂಡದು. ಬೆಲ್ಲ, ಬಿಸ್ಕತ್ತು, ಚಾಕೊಲೇಟುಗಳನ್ನೂ ದೂರವಿಡಬೇಕು.

ಪರಂಗಿಹಣ್ಣು ಹೊಟ್ಟೆಯಲ್ಲಿ ಸೇರಿದ ಕೂದಲನ್ನು ಕರಗಿಸುವುದೆಂದು ಕೆಲವರು ನಂಬುವರು. ಅದು ಕೂದಲನ್ನು ಕರಗಿಸಲಾರದು. ನುಂಗಿದ ಕೂದಲನ್ನು ಮುಂದಕ್ಕೆ ಸಾಗಿಸುವುದು ಹುಲ್ಲಿನ ನಾರು ಮತ್ತು ನೀರು.

ಮೊಲವು ತನ್ನ ನೋವನ್ನು ಹೊರಗೆ ತೋರದ ಪ್ರಾಣಿ. ಅದು ಮೂಲೆಯಲ್ಲಿ ಮುದುಡಿ ಕುಳಿತು, ಹುಲ್ಲನ್ನು ಮೂಸಿಯೂ ನೋಡದೆ, ಹಿಕ್ಕೆ ಹಾಕುವುದನ್ನು ನಿಲ್ಲಿಸಿದರೆ, “ನಾಳೆ ನೋಡೋಣ” ಎನ್ನಬಾರದು. ಹತ್ತು ಹನ್ನೆರಡು ಗಂಟೆಗಳ ಕಾಲ ಏನನ್ನೂ ತಿನ್ನದಿದ್ದರೆ ಪ್ರಾಣಾಪಾಯವೇ ಆಗಬಹುದು. ಕೂಡಲೇ ಪಶುವೈದ್ಯರಲ್ಲಿಗೆ ಕೊಂಡೊಯ್ಯತಕ್ಕದ್ದು.

ಗೂಡಿನಲ್ಲಿ ಒಣಹುಲ್ಲು, ಶುದ್ಧವಾದ ನೀರು ಹಗಲಿರುಳೂ ಇರಲಿ. ಮಕ್ಕಳಿಗೆ ತಿನ್ನಿಸುವ ಆಸೆಯಾದರೆ ಕೊತ್ತಂಬರಿ ಸೊಪ್ಪಿನ ಒಂದು ಕಡ್ಡಿಯನ್ನೋ ಹಿಡಿ ಗರಿಕೆಯನ್ನೋ ಕೈಗೆ ಕೊಡಿರಿ. ಮೊಲವು ಅದಕ್ಕೂ ಅಷ್ಟೇ ಸಡಗರದಿಂದ ಓಡಿಬರುವುದು. ಹಣ್ಣಿನ ಚಮಚವು ಮಾತ್ರ ಮನೆಯ ಹಿರಿಯರೊಬ್ಬರ ವಶದಲ್ಲಿರಲಿ. ಹಲವು ಕೈಗಳು ಸ್ವಲ್ಪ ಸ್ವಲ್ಪವೇ ಕೊಟ್ಟರೂ ಹೊಟ್ಟೆ ಒಂದೇ ಅಲ್ಲವೇ?